ತರಂಗಾಂತರ ಅಂದರೆ ಅಲೆಯ ಉದ್ದವೋ, ಕಂಪನಾಂಕವೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಶಿಕಾಗೊ ಸುತ್ತಮುತ್ತ ಇರುವ ಕನ್ನಡಿಗರಿಗಾಗಿ ಒಂದು ಬರಹ ತಿದ್ದುತ್ತಿದ್ದೇನೆ. ಕೈಯಲ್ಲಿ ಹಿಡಿಯುವ ರೇಡಿಯೊ ಸ್ಕ್ಯಾನರ್‌ಗೆ, ಅಂದರೆ ಹಲವು ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕಿ ಕೇಳಿಸುವ ರೇಡಿಯೊಗೆ, ಸಣ್ಣ ಆಂಟೆನಾ ಆರಿಸುವುದು ಹೇಗೆ ಅನ್ನೋದು ವಿಷಯ. ಸುಂಟರಗಾಳಿಯ ಕಾಲದಲ್ಲಿ ಹವಾಮಾನದ ಎಚ್ಚರಿಕೆ ಕೇಳಲು, ಪೈಲಟ್‌ಗಳ ಮಾತು ಕೇಳಲು ಇಲ್ಲಿ ಕೆಲವರು ಸ್ಕ್ಯಾನರ್ ಇಟ್ಟುಕೊಂಡಿರುತ್ತಾರೆ. ಬರಹದಲ್ಲಿ ಹೀಗೊಂದು ವಾಕ್ಯವಿದೆ:

"ಕಡಿಮೆ ತರಂಗಾಂತರದ ಚಾನೆಲ್ ಕೇಳುವವರಿಗೆ ಗಿಡ್ಡ ಆಂಟೆನಾ ಸಾಕು."

ಇದನ್ನು ಬಿಡಬೇಕೋ ಬದಲಿಸಬೇಕೋ? ತರಂಗಾಂತರ ಅಂದರೆ ಅಲೆಯ ಉದ್ದ ಅಂತ ಓದಿದರೆ ಮಾತು ಸರಿ. ಕಂಪನಾಂಕ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನೋ ಮೆಗಾಹರ್ಟ್ಸ್ ಲೆಕ್ಕ, ಅಂತ ಓದಿದರೆ ಪೂರ್ತಿ ಉಲ್ಟಾ. ಕಂಪನಾಂಕ ಏರಿದಷ್ಟೂ ಅಲೆ ಗಿಡ್ಡ, ಆಂಟೆನಾನೂ ಗಿಡ್ಡ.

ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ನೆಟ್ಟಗಿನ ಕಡ್ಡಿ ಆಂಟೆನಾಗೆ ಅದರ ಕಾಲು ಭಾಗ ಉದ್ದ ಬೇಕು. ವಿಮಾನದ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. 125ಕ್ಕೆ ಲೆಕ್ಕ ಹಾಕಿದರೆ ಕಡ್ಡಿ 60 ಸೆಂಟಿಮೀಟರ್. ಅಮೆರಿಕದ ಹವಾಮಾನ ರೇಡಿಯೊ 162.400ರಿಂದ 162.550ರವರೆಗೆ, ಅದಕ್ಕೆ 46 ಸೆಂಟಿಮೀಟರ್. ಪೊಲೀಸ್, ಅಗ್ನಿಶಾಮಕ ದಳದವರು ಹಲವು ಕಡೆ ಬಳಸುವ 850 ಹತ್ತಿರದ ಚಾನೆಲ್‌ಗಳಿಗೆ 9 ಸೆಂಟಿಮೀಟರ್ ಕೂಡ ಬೇಡ.

ಈಗ ಆ ವಾಕ್ಯ ಓದಿ ಅಂಗಡಿಗೆ ಹೋಗುವವರನ್ನು ನೆನೆಸಿಕೊಳ್ಳಿ. ಅವರಿಗೆ ಬೇಕಿರುವುದು ವಿಮಾನ. 125 ಅನ್ನೋದು 850ಕ್ಕಿಂತ ಕಡಿಮೆ ಅಲ್ವಾ, ಹಾಗಾದರೆ ಗಿಡ್ಡದ್ದೇ ಸಾಕು ಅಂತ ಬೆರಳುದ್ದದ ಆಂಟೆನಾ ತರುತ್ತಾರೆ. ಮೇಲೆ ಹಾರುವ ವಿಮಾನದ ದನಿ ಹೇಗೋ ಕೇಳುತ್ತದೆ, ಎತ್ತರದಲ್ಲಿದೆ, ನಡುವೆ ಅಡ್ಡ ಏನೂ ಇಲ್ಲ. ನೆಲದ ಮೇಲಿನ ಕಂಟ್ರೋಲ್ ಟವರ್‌ನ ಉತ್ತರ ಮಾತ್ರ ಬರೀ ಗೊರಗೊರ. ಒಂದು ಪದದಿಂದ ದುಡ್ಡೂ ಹೋಯಿತು, ಅರ್ಧ ಮಾತೂ ಹೋಯಿತು.

ಪದದ ಒಳಗೆ ಗೊಂದಲ ಇಲ್ಲ. ತರಂಗ ಮತ್ತು ಅಂತರ: ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ 612 ಕಿಲೋಹರ್ಟ್ಸ್ ಅಂದರೆ ಸುಮಾರು 490 ಮೀಟರ್. ಈ ಮೀಟರಿನ ಅಂಕಿಯೇ ತರಂಗಾಂತರ. ಬಳಕೆ ಮಾತ್ರ ಬೇರೆ ದಾರಿ ಹಿಡಿದಿದೆ. 2012ರಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಪರವಾನಗಿಗಳನ್ನು ರದ್ದು ಮಾಡಿದ ಪ್ರಕರಣ ಕನ್ನಡ ಪತ್ರಿಕೆಗಳಲ್ಲಿ '2ಜಿ ತರಂಗಾಂತರ ಹಗರಣ' ಆಯಿತು. ಅಲ್ಲಿ ಹಂಚಿದ್ದು ಮೆಗಾಹರ್ಟ್ಸ್ ಲೆಕ್ಕದ ಕಂಪನಾಂಕದ ಪಟ್ಟಿಗಳನ್ನು (ಬ್ಯಾಂಡ್). ಎಫ್‌ಎಂ ಸ್ಟೇಷನ್ ಬಗ್ಗೆಯೂ '101.3 ತರಂಗಾಂತರದಲ್ಲಿ' ಅಂತ ಬರೆಯುವವರಿದ್ದಾರೆ. ಸುದ್ದಿಗೆ ಇದು ನಡೆಯುತ್ತದೆ, ಯಾರಿಗೂ ನಷ್ಟವಿಲ್ಲ. ಅಳತೆ ಹಿಡಿದು ವಸ್ತು ಕೊಳ್ಳುವಲ್ಲಿ ನಡೆಯೋದಿಲ್ಲ.

ಶಾಲೆಯ ಪುಸ್ತಕದ 'ತರಂಗದೂರ' ಖಚಿತವಾಗಿದೆ, ಆದರೆ ಶಾಲೆ ಬಿಟ್ಟ ಮೇಲೆ ಯಾರ ಬಾಯಲ್ಲೂ ಉಳಿದಂತೆ ಕಾಣೆ. ಅದರ ಜೋಡಿ, ಕಂಪನಾಂಕಕ್ಕೆ ಪುಸ್ತಕ ಹೇಳುವ 'ಆವೃತ್ತಿ' ಇನ್ನೂ ಕಷ್ಟ, ಪುಸ್ತಕದ ಎರಡನೇ ಮುದ್ರಣಕ್ಕೂ ಅದೇ ಮಾತು. ನನ್ನ ಒಲವು 'ಅಲೆಯುದ್ದ' ಮತ್ತು 'ಕಂಪನಾಂಕ' ಕಡೆಗೆ. ಅಲೆಯುದ್ದ ಅಂದರೆ ಆಂಟೆನಾದ ಉದ್ದ ತಾನಾಗಿ ನೆನಪಿಗೆ ಬರುತ್ತದೆ, ವಿವರಣೆಯೇ ಬೇಡ. ತರಂಗಾಂತರ ಅನ್ನೋ ಪದವನ್ನು ಈ ಬರಹದಿಂದ ಪೂರ್ತಿ ತೆಗೆದು, "ಮೆಗಾಹರ್ಟ್ಸ್ ಜಾಸ್ತಿ ಇದ್ದಷ್ಟೂ ಆಂಟೆನಾ ಗಿಡ್ಡ" ಅಂತ ಬರೆಯೋಣ ಅಂದುಕೊಂಡಿದ್ದೇನೆ. ರೇಡಿಯೊ ರಿಪೇರಿ ಮಾಡಿದವರು, ಆಕಾಶವಾಣಿಯಲ್ಲಿ ಕೆಲಸ ಮಾಡಿದವರು, ಹ್ಯಾಮ್‌ಗಳು (ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು) ಇಲ್ಲಿದ್ದರೆ ಹೇಳಿ: ನಿಮ್ಮ ನಡುವೆ ಮಾತಾಡುವಾಗ ಕಂಪನಾಂಕ ಅನ್ನುತ್ತಿದ್ದಿರೋ, ಸುಮ್ನೆ ಫ್ರೀಕ್ವೆನ್ಸಿ ಅಂತಲೇ ಬಿಡುತ್ತಿದ್ದಿರೋ?

ಇನ್ನೊಂದು ಸಣ್ಣ ಪ್ರಶ್ನೆ. ಟ್ರಾನ್ಸಿಸ್ಟರ್‌ನಲ್ಲಿ ಎಳೆದು ಉದ್ದ ಮಾಡುವ ಆಂಟೆನಾಗೆ 'ಕಡ್ಡಿ' ಅನ್ನೋದು ನನಗೆ ಸಹಜ. ಸ್ಕ್ಯಾನರ್ ಜೊತೆ ಬರುವುದು ಬೇರೆ ಬಗೆ: ತಂತಿಯನ್ನು ಸ್ಪ್ರಿಂಗ್ ಥರ ಸುತ್ತಿ ಮೇಲೆ ರಬ್ಬರ್ ಹೊದಿಸಿರುತ್ತಾರೆ, ಹಾಗಾಗಿ ಉದ್ದದ ತಂತಿ ಗೇಣುದ್ದದಲ್ಲಿ ಅಡಗುತ್ತದೆ, ಬದಲಿಗೆ ದನಿ ಹಿಡಿಯುವ ಶಕ್ತಿ ಸ್ವಲ್ಪ ಕುಗ್ಗುತ್ತದೆ. ಹ್ಯಾಮ್‌ಗಳು ಇದಕ್ಕೆ 'ರಬ್ಬರ್ ಡಕ್' ಅನ್ನುತ್ತಾರೆ. 'ಸುರುಳಿ ಆಂಟೆನಾ' ಅಂದರೆ ಓದುವವರಿಗೆ ಇದೇ ಕಣ್ಣಿಗೆ ಬರುತ್ತದೆಯೇ? ಹೊರಗಿನಿಂದ ಸುರುಳಿ ಕಾಣಿಸುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.