ವಾರ್‌ಫೋರ್ಜ್ಡ್ ಪಾತ್ರದ ಆತ್ಮವನ್ನು ಸೋಲ್ ಕೇಜ್ ಹಿಡಿದಿಡಬಲ್ಲದೇ?

ಪ್ರಶ್ನೆ:
ಪಾತ್ರಾಭಿನಯದ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ 2014ರ ನಿಯಮಗಳಂತೆ ಎಬೆರಾನ್ ಎಂಬ ಕಾಲ್ಪನಿಕ ಲೋಕದ ಆಟವೊಂದನ್ನು ನಡೆಸುತ್ತಿದ್ದೇನೆ. ಕಳೆದ ಕಾಳಗದಲ್ಲಿ ತಂಡದ ವಾರ್‌ಫೋರ್ಜ್ಡ್ (ಯುದ್ಧಕ್ಕೆಂದು ಕಟ್ಟಿದ, ಯೋಚಿಸಬಲ್ಲ ಯಂತ್ರಜೀವಿ) ಯೋಧ ಸತ್ತ ಕ್ಷಣದಲ್ಲೇ ಶತ್ರು ಮಾಂತ್ರಿಕ ಸೋಲ್ ಕೇಜ್ (ಸಾಯುವವರ ಆತ್ಮವನ್ನು ಪುಟ್ಟ ಪಂಜರದಲ್ಲಿ ಹಿಡಿಯುವ ಮಂತ್ರ) ಪ್ರಯೋಗಿಸಿದ. ಮರ, ಲೋಹಗಳಿಂದ ಕಟ್ಟಿದ ದೇಹದಲ್ಲಿ ಆತ್ಮವೇ ಇಲ್ಲವಾದ್ದರಿಂದ ಕದಿಯಲು ಏನೂ ಇಲ್ಲ ಎಂಬುದು ಆ ಆಟಗಾರರ ವಾದ. ಮಂತ್ರ ಫಲಿಸುತ್ತದೆಯೇ?

ಉತ್ತರ 1:
ಫಲಿಸುತ್ತದೆ. ಸೋಲ್ ಕೇಜ್ ಕೇಳುವುದು ಸಾಯುತ್ತಿರುವ ಜೀವಿ ಹ್ಯೂಮನಾಯ್ಡ್ (ಮನುಷ್ಯರಂಥ ಜೀವಿಗಳ ವರ್ಗ) ಹೌದೇ ಎಂಬುದನ್ನಷ್ಟೇ; ದೇಹ ಯಾವುದರಿಂದ ಆಗಿದೆ ಎಂಬುದನ್ನಲ್ಲ. 2019ರ ಎಬೆರಾನ್ ಪುಸ್ತಕದಲ್ಲಿ ವಾರ್‌ಫೋರ್ಜ್ಡ್ ಹ್ಯೂಮನಾಯ್ಡ್ ವರ್ಗಕ್ಕೇ ಸೇರಿದೆ. ವಿಷ, ರೋಗ ಮತ್ತು ಮಾಂತ್ರಿಕ ನಿದ್ರೆಯ ವಿರುದ್ಧ ಅದಕ್ಕಿರುವ ರಕ್ಷಣೆಗಳನ್ನು ಅಲ್ಲಿ ವಿವರವಾಗಿ ಹೇಳಲಾಗಿದೆ, ಆದರೆ ಆ ರಕ್ಷಣೆಗಳಲ್ಲಿ ಆತ್ಮದ ಬಗ್ಗೆ ಒಂದು ಮಾತೂ ಇಲ್ಲ. ಮ್ಯಾಜಿಕ್ ಜಾರ್ ಎಂಬ ಮಂತ್ರ ಕೂಡ ಹ್ಯೂಮನಾಯ್ಡ್‌ಗಳ ದೇಹವನ್ನೇ ವಶಪಡಿಸಿಕೊಳ್ಳುವುದರಿಂದ ವಾರ್‌ಫೋರ್ಜ್ಡ್‌ಗೆ ಅಲ್ಲಿಯೂ ವಿನಾಯಿತಿ ಸಿಗುವುದಿಲ್ಲ. ಮಂತ್ರದಿಂದ ಚಲಿಸುವ ಬೊಂಬೆಯಾದ ಗೋಲೆಮ್ ಕನ್‌ಸ್ಟ್ರಕ್ಟ್ (ಕಟ್ಟಿದ ಜೀವಿಗಳ) ವರ್ಗದ್ದಾದ್ದರಿಂದ ಎರಡೂ ಮಂತ್ರಗಳಿಂದ ಪಾರಾಗುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿಯೇ, ಆದರೆ ವರ್ಗದ ಹೆಸರನ್ನಷ್ಟೇ ತೋರಿಸಿದರೆ ಆಟಗಾರರಿಗೆ ಸಮಾಧಾನವಾಗಲಾರದು. ಸತ್ತವರನ್ನು ಬದುಕಿಸುವ ರೇಸ್ ಡೆಡ್ ಮಂತ್ರದ ಷರತ್ತನ್ನು ಅವರ ಮುಂದಿಡಿ: ಸತ್ತವರ ಆತ್ಮ ದೇಹಕ್ಕೆ ಮರಳಲು ಇಚ್ಛಿಸಬೇಕು, ಮರಳುವ ಸ್ವಾತಂತ್ರ್ಯವೂ ಅದಕ್ಕಿರಬೇಕು. ಇಂದು ಆತ್ಮವಿಲ್ಲವೆಂದು ಪಂಜರದಿಂದ ತಪ್ಪಿಸಿಕೊಂಡವರು ನಾಳೆ ಪುರೋಹಿತನ ಬಳಿ ಹೋಗಿ ಅದೇ ಆತ್ಮವನ್ನು ಮರಳಿ ಕರೆಸಲು ಕೇಳುವಂತಿಲ್ಲ. ಈಗಷ್ಟೇ ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರದ ಪಠ್ಯದಲ್ಲಿ ಆತ್ಮದ ಪ್ರಸ್ತಾಪವಿಲ್ಲ ಎಂದು ಚತುರ ಆಟಗಾರರು ವಾದಿಸಬಹುದು. ಅದರ ಗಡುವು ಮಾತ್ರ ಸತ್ತ ಬಳಿಕ ಒಂದೇ ನಿಮಿಷ.

ಹಳೆಯ 3.5 ಆವೃತ್ತಿಯಲ್ಲಿ ಸಾಮಾನ್ಯ ಕನ್‌ಸ್ಟ್ರಕ್ಟ್‌ಗಳನ್ನು ಬದುಕಿಸಲು ಸಾಧ್ಯವಿರಲಿಲ್ಲ. ವಾರ್‌ಫೋರ್ಜ್ಡ್‌ಗಾಗಿ ‘ಲಿವಿಂಗ್ ಕನ್‌ಸ್ಟ್ರಕ್ಟ್’ ಎಂಬ ಉಪವರ್ಗವನ್ನೇ ಮಾಡಿ ಆ ದಾರಿಯನ್ನು ತೆರೆದಿಟ್ಟಿದ್ದರು. ಪಾತ್‌ಫೈಂಡರ್ ಎಂಬ ಇನ್ನೊಂದು ಪಾತ್ರಾಭಿನಯದ ಆಟ ಇನ್ನೂ ನೇರ: ಅಲ್ಲಿ ಆಂಡ್ರಾಯ್ಡ್‌ನ (ಮನುಷ್ಯರೂಪದ ಯಂತ್ರಜೀವಿಯ) ದೇಹವು ದೀರ್ಘಕಾಲದ ಬಳಿಕ ಒಂದು ಆತ್ಮವನ್ನು ಬಿಟ್ಟುಕೊಟ್ಟು ಹೊಸದೊಂದಕ್ಕೆ ನೆಲೆಯಾಗುತ್ತದೆ.

ಉತ್ತರ 3:
ಗೋಲೆಮ್ ಕೂಡ ಪೂರ್ತಿ ಖಾಲಿ ಪಾತ್ರೆಯಲ್ಲ. 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ (ಆಟದ ಜೀವಿಗಳ ಕೈಪಿಡಿ) ಪ್ರಕಾರ ಅದರೊಳಗೆ ಬಂಧಿಯಾಗಿರುವುದು ಭೂತತ್ತ್ವದ ಚೇತನ. ಅದಕ್ಕೆ ನೆನಪಾಗಲಿ ವ್ಯಕ್ತಿತ್ವವಾಗಲಿ ಇಲ್ಲ. ಹಾಗಾಗಿ ಕಟ್ಟಿದ ದೇಹವೇ ಅಥವಾ ಹುಟ್ಟಿದ ದೇಹವೇ ಎಂಬುದಕ್ಕಿಂತ, ಒಳಗಿರುವುದು ಬದುಕನ್ನು ನೆನಪಿಟ್ಟುಕೊಳ್ಳಬಲ್ಲ ವ್ಯಕ್ತಿಯೇ ಎಂಬ ಪ್ರಶ್ನೆಯೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ. ನಿಮ್ಮ ಕಥೆಯಲ್ಲಿ ವಾರ್‌ಫೋರ್ಜ್ಡ್‌ಗಳು ಬರೀ ಆಯುಧಗಳೆಂದು ಸಾರುತ್ತಾ ಬಂದ ಪುರೋಹಿತನಿದ್ದರೆ, ಪಂಜರದೊಳಗಿನಿಂದ ಉತ್ತರ ಬರುವುದನ್ನು ಕೇಳಿಸಿಕೊಳ್ಳುವ ಪಾಡು ಅವನದಾಗಲಿ!

ಪ್ರಶ್ನೆ ಕೇಳಿದವರು:
ರೇಸ್ ಡೆಡ್‌ನ ವಾದ ಆಟಗಾರರಿಗೆ ಒಪ್ಪಿಗೆಯಾಗಿದೆ, ಮಂತ್ರ ಫಲಿಸಿತೆಂದೇ ಮುಂದುವರಿಯುತ್ತೇವೆ. ಪಂಜರವನ್ನು ಒಡೆಯದೆ ಪಾತ್ರವನ್ನು ಬದುಕಿಸುವ ದಾರಿ ಇದೆಯೇ?

ಉತ್ತರ 2:
ಆತ್ಮ ಪಂಜರದಲ್ಲಿರುವವರೆಗೆ ಯಾವ ಮಂತ್ರದಿಂದಲೂ ಬದುಕಿಸಲಾಗದು, ಆದರೆ ಸೋಲ್ ಕೇಜ್ ಎಂಟು ಗಂಟೆಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ರೇಸ್ ಡೆಡ್‌ಗೆ ಹತ್ತು ದಿನಗಳ ಅವಕಾಶವಿರುವುದರಿಂದ ದೇಹವನ್ನು ಕಾಪಾಡಿಕೊಂಡು ಕಾದರೂ ಸಾಕು. ಅಪಾಯ ಬೇರೆಡೆ ಇದೆ. ಮಾಂತ್ರಿಕ ಆ ಆತ್ಮವನ್ನು ಒಟ್ಟು ಆರು ಬಾರಿ ಬಳಸಿಕೊಳ್ಳಬಹುದು, ಪ್ರಶ್ನೆ ಕೇಳುವುದೂ ಅದರಲ್ಲಿ ಸೇರಿದೆ, ಮತ್ತು ಆತ್ಮ ತಾನು ಬದುಕಿದ್ದಾಗ ತಿಳಿದಿದ್ದನ್ನು ನಿಜವಾಗಿಯೇ ಹೇಳಬೇಕಾಗುತ್ತದೆ. ನಿಮ್ಮ ತಂಡದ ಅಡಗುತಾಣ ಆ ಯೋಧನಿಗೆ ಗೊತ್ತಿತ್ತೇ ಎಂಬುದನ್ನು ಮುಂದಿನ ಆಟಕ್ಕೆ ಮುನ್ನವೇ ನಿರ್ಧರಿಸಿಕೊಳ್ಳಿ.