ಮನೆಯಿಂದ ಶೆಡ್‌ಗೆ ಎರಡು ಮೋಡೆಮ್ ಜೋಡಿಸಿದ್ದೇನೆ, ಲಿಂಕ್ ಬರುತ್ತಲೇ ಇಲ್ಲ

ತೋಟದಂಚು: ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಮನೆಯಲ್ಲಿ ನೆಟ್ ಚೆನ್ನಾಗಿದೆ. ತೋಟದ ಕೆಳಗಿನ ಅಡಿಕೆ ಶೆಡ್‌ನಲ್ಲಿ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಎರಡೂ ಕಡೆ ಮೋಡೆಮ್ ಇಟ್ಟು ನಡುವೆ ವೈರ್ ಕೊಟ್ಟಿದ್ದೇನೆ. ಶೆಡ್‌ಗೆ ನೆಟ್ ಹೋಗುತ್ತಿಲ್ಲ. ಅಡಿಕೆ ಒಣ ಹಾಕಿರುವಾಗ ಕಾವಲಿಗೆ ಜನ ಸಿಗುವುದಿಲ್ಲ. ಬೇಗ ಹೇಳಿ.

ಪೋರ್ಟ್ ಪ್ರಸಾದ: ಐಪಿ ವಿಳಾಸದ ಜಗಳ ಸರ್, ನೂರಕ್ಕೆ ನೂರು. ಎರಡೂ ಮೋಡೆಮ್ 192.168.1.1 ಆಗಿರುತ್ತವೆ. ಶೆಡ್‌ನದ್ದನ್ನು 192.168.1.2 ಮಾಡಿ, ಐಪಿ ತಾನೇ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಿ.

ತೋಟದಂಚು: ಮಾಡಿದೆ. ಹಾಗೇ ಇದೆ.

ಪೋರ್ಟ್ ಪ್ರಸಾದ: ರೀಸೆಟ್ ಮಾಡಿ ಮೊದಲಿನಿಂದ ಮಾಡಿ. ಸಬ್‌ನೆಟ್ ಮಾಸ್ಕ್ ನೋಡಿದಿರಾ? ಮನೆಯ ರೂಟರ್ 192.168.0 ಸಾಲಿನಲ್ಲಿ ಇದ್ದರೆ ಶೆಡ್ 192.168.1ರ ಸಾಲಿನಲ್ಲಿ ಇರಬಾರದು.

ಗುಡ್ಡದಮೇಲೆ: ವೈರ್ ಯಾಕೆ ಬೇಕು ಮಾರಾಯ್ರೆ? 5 ಗಿಗಾಹರ್ಟ್ಸ್ ಸಿಪಿಇ, ಅಂದರೆ ಕಂಬಕ್ಕೆ ಕಟ್ಟುವ ವೈರ್‌ಲೆಸ್ ಪೆಟ್ಟಿಗೆ, ಒಂದು ಜೊತೆ ತಗೊಳ್ಳಿ. 2018ರಿಂದ ಈ ಬ್ಯಾಂಡ್‌ನ ಬಹುಪಾಲಿಗೆ ಲೈಸೆನ್ಸ್ ಬೇಕಿಲ್ಲ. ನಮ್ಮದು ಗುಡ್ಡದಿಂದ ಗುಡ್ಡಕ್ಕೆ, ಮಳೆಗಾಲದಲ್ಲೂ ಕದಲುವುದಿಲ್ಲ. ಮೇಲೆ ಸೋಲಾರ್, ಕೆಳಗೆ ಲಿಥಿಯಂ ಬ್ಯಾಟರಿ, ಕಂಬ ನಾನೇ ವೆಲ್ಡ್ ಮಾಡಿದ್ದು.

ತಾಮ್ರದತಂತಿ: ಅವರ ನಡುವೆ ಇರುವುದು ಅಡಿಕೆ ತೋಟ, ಬಯಲಲ್ಲ. ಒದ್ದೆ ಸೋಗೆ 5 ಗಿಗಾಹರ್ಟ್ಸ್ ಸಿಗ್ನಲ್ ನುಂಗುತ್ತದೆ. 300 ಮೀಟರ್ ದೂರಕ್ಕೆ ನೇರ ಗೆರೆ ಕಂಡರೆ ಸಾಲದು, ಮಧ್ಯದಲ್ಲಿ ಆ ಗೆರೆಯ ಸುತ್ತ ಸುಮಾರು 2 ಮೀಟರ್ ಖಾಲಿ ಇರಬೇಕು. ಮರದ ಎತ್ತರ ದಾಟಿಸುವ ಕಂಬ ನಿಮಗಿದೆ, ಎಲ್ಲರಿಗೂ ಇರುತ್ತಾ?

ತೋಟದಂಚು ಅವರೇ, ಮೊದಲು ಮೂರು ವಿಷಯ ಹೇಳಿ. ಯಾವ ಮೋಡೆಮ್? ಯಾವ ವೈರ್? ದೂರ ಎಷ್ಟು? ಮೋಡೆಮ್ ಮೇಲೆ ಡಿಎಸ್‌ಎಲ್ ದೀಪ ಇದ್ದರೆ ಅದು ನಿಂತು ಉರಿಯುತ್ತದಾ, ಮಿಣುಕುತ್ತದಾ?

ತೋಟದಂಚು: ಹಳೇ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳೇ, ಫೋನ್ ಲೈನ್ ಇದ್ದಾಗಿನವು. ಎರಡೂ ಎಡಿಎಸ್‌ಎಲ್. ವೈರ್ ಹಳೇ ಲ್ಯಾಂಡ್‌ಲೈನ್ ಕೇಬಲ್, ಸುಮಾರು 350 ಮೀಟರ್. ದೀಪ ಮಿಣುಕುತ್ತಲೇ ಇದೆ. ಇದೆಲ್ಲ ಯಾಕೆ ಬೇಕು?

ಪೋರ್ಟ್ ಪ್ರಸಾದ: ಗೇಟ್‌ವೇ ಏನು ಕೊಟ್ಟಿದ್ದೀರಿ?

ತಾಮ್ರದತಂತಿ: ಗೇಟ್‌ವೇ ಬಿಡಿ, ಅಲ್ಲಿಯವರೆಗೆ ಮಾತು ಹೋಗಿಯೇ ಇಲ್ಲ. ದೀಪ ಮಿಣುಕುತ್ತಿದೆ ಅಂದರೆ ತಂತಿಯ ಮಟ್ಟದಲ್ಲೇ ಲಿಂಕ್ ಇಲ್ಲ. ಐಪಿ ಎಷ್ಟು ತಿದ್ದಿದರೂ ಅಷ್ಟೇ.

ಮನೆಗೆ ಕೊಡುವ ಎಡಿಎಸ್‌ಎಲ್ ಮೋಡೆಮ್ ಗ್ರಾಹಕನ ತುದಿಯದ್ದು. ಅದು ಕಳಿಸುವುದು 25ರಿಂದ 138 ಕಿಲೋಹರ್ಟ್ಸ್‌ನಲ್ಲಿ, ಕೇಳುವುದು ಅದಕ್ಕಿಂತ ಮೇಲೆ. ಆ ಮೇಲಿನ ಭಾಗದಲ್ಲಿ ಕಳಿಸುವ ಯಂತ್ರ ಎಕ್ಸ್‌ಚೇಂಜ್‌ನಲ್ಲಿ ಇರುತ್ತದೆ, ಡಿಸ್ಲ್ಯಾಮ್ ಅಂತಾರೆ. ನಿಮ್ಮ ಎರಡೂ ಮೋಡೆಮ್ ಒಂದೇ ಜಾಗದಲ್ಲಿ ಕೂಗುತ್ತವೆ, ಇನ್ನೊಂದು ಜಾಗದಲ್ಲಿ ಕಿವಿ ಕೊಟ್ಟು ಕಾಯುತ್ತವೆ. ಅವು ಯಾವತ್ತೂ ಜೋಡಿಯಾಗುವುದಿಲ್ಲ.

ಹಳೇಕಾಲ: ಯಾಕಾಗಲ್ಲ? ನಾನು ಎರಡು ಮೋಡೆಮ್ ನೇರ ಜೋಡಿಸಿ ಫೈಲ್ ಕಳಿಸಿದ್ದೇನೆ. ಒಂದರಲ್ಲಿ ಕರೆ ಮಾಡುವ ಎಟಿಡಿ ಕಮಾಂಡ್, ಇನ್ನೊಂದರಲ್ಲಿ ಕರೆ ಎತ್ತುವ ಎಟಿಎ.

ತಾಮ್ರದತಂತಿ: ಅದು ಡಯಲ್-ಅಪ್ ಮೋಡೆಮ್ ಸರ್. ಅಲ್ಲಿ ಎರಡೂ ತುದಿ ಸಮ, 33.6 ಕೆಬಿಪಿಎಸ್‌ವರೆಗೆ ಹೋಗುತ್ತಿತ್ತು. 56ಕೆ ಬೇಕೆಂದರೆ ಅಲ್ಲೂ ಒಂದು ತುದಿ ಡಿಜಿಟಲ್ ಇರಲೇಬೇಕಿತ್ತು.

ಹಳೇಕಾಲ: ಆದರೆ ಆಗುತ್ತಿತ್ತಲ್ಲ. ಸಾರಾಸಗಟಾಗಿ ಆಗಲ್ಲ ಅನ್ನಬೇಡಿ.

ತೋಟದಂಚು: ಜಗಳ ಆಮೇಲೆ ಆಡಿ. ಈಗ ನಾನು ಏನು ತರಬೇಕು? ಆ ಕೇಬಲ್ ಬಿಡಲು ಮನಸ್ಸಿಲ್ಲ, ತೋಟದುದ್ದಕ್ಕೂ ಹೂತಿದ್ದೇವೆ.

ತಾಮ್ರದತಂತಿ: ವಿಡಿಎಸ್‌ಎಲ್2 ಈಥರ್ನೆಟ್ ಎಕ್ಸ್‌ಟೆಂಡರ್ ಒಂದು ಜೊತೆ, ಫೋನ್ ತಂತಿಯ ಮೇಲೇ ನೆಟ್ ದಾಟಿಸುವ ಪೆಟ್ಟಿಗೆಗಳು. ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಲು ಬದಿಯಲ್ಲಿ ಸಣ್ಣ ಸ್ವಿಚ್ ಇರುತ್ತದೆ. ಒಂದು ಜೊತೆ ತಾಮ್ರ ಸಾಕು. ಮಧ್ಯೆ ಹಳೇ ಫೋನ್‌ಗೆ ಕವಲು ತೆಗೆದಿದ್ದರೆ ಕಿತ್ತು ಹಾಕಿ, ಅದು ವೇಗ ತಿನ್ನುತ್ತದೆ. ಮಾಸ್ಟರ್‌ನಿಂದ ಸ್ಲೇವ್ ಕಡೆಗೆ ವೇಗ ಜಾಸ್ತಿ. ಕ್ಯಾಮೆರಾ ಡೇಟಾ ಶೆಡ್‌ನಿಂದ ಮನೆಗೆ ಬರುವುದು ಅಲ್ವಾ, ಹಾಗಾಗಿ ಮಾಸ್ಟರ್ ಶೆಡ್‌ನಲ್ಲಿರಲಿ.

ಪೋರ್ಟ್ ಪ್ರಸಾದ: ತಪ್ಪು. ಇಂಟರ್ನೆಟ್ ಎಲ್ಲಿದೆಯೋ ಅಲ್ಲಿ ಮಾಸ್ಟರ್. ಎಲ್ಲ ಮ್ಯಾನ್ಯುಯಲ್‌ನಲ್ಲೂ ಹಾಗೇ ಇದೆ.

ತಾಮ್ರದತಂತಿ: ಮ್ಯಾನ್ಯುಯಲ್ ಬರೆದವರು ಶೆಡ್‌ನಲ್ಲಿ ಕೂತು ವೀಡಿಯೊ ನೋಡುವವರನ್ನು ನೆನೆದು ಬರೆದಿದ್ದಾರೆ. ಇವರದ್ದು ಉಲ್ಟಾ. ಕ್ಯಾಮೆರಾಗೆ 4 ಎಂಬಿಪಿಎಸ್ ಹಿಡಿದರೂ ನಾಲ್ಕಕ್ಕೆ 16 ಬೇಕು.

ಬೆಳಕಿನೆಳೆ: ತಾಮ್ರವನ್ನೇ ಬಿಡಿ ಅನ್ನುತ್ತೇನೆ. ಏಪ್ರಿಲ್-ಮೇ ಗುಡುಗಿಗೆ ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆ ಇದ್ದರೆ ನಡುವಿನ ತಾಮ್ರವೇ ದಾರಿಯಾಗುತ್ತದೆ. ಸಿಂಗಲ್ ಮೋಡ್ ಫೈಬರ್ ಎಳೆದು, ತಂತಿಯ ಸಿಗ್ನಲ್ಲನ್ನು ಬೆಳಕಾಗಿಸುವ ಎರಡು ಮೀಡಿಯಾ ಕನ್ವರ್ಟರ್ ಇಡಿ. ಒಂದು 1310 ನ್ಯಾನೊಮೀಟರ್‌ನಲ್ಲಿ ಕಳಿಸುವುದು, ಇನ್ನೊಂದು 1550. ಇಲ್ಲೂ ಎರಡೂ ಒಂದೇ ತರಹದ್ದು ತಂದರೆ ಲಿಂಕ್ ಬರಲ್ಲ. ಡ್ರಾಪ್ ಕೇಬಲ್ ಜೊತೆ ಬರುವ ಉಕ್ಕಿನ ತಂತಿಯನ್ನು ಪೆಟ್ಟಿಗೆಯವರೆಗೆ ತರಬೇಡಿ, ಗೋಡೆಯ ಹೊರಗೇ ಕತ್ತರಿಸಿ. ನಮ್ಮ ಮನೆ, ಕೊಟ್ಟಿಗೆ, ಪಂಪ್ ಮನೆ ಮೂರಕ್ಕೂ ಹೀಗೇ, ಎಲ್ಲ ಗಿಗಾಬಿಟ್.

ಗುಡ್ಡದಮೇಲೆ: ಹಂದಿ ಅಗೆದರೆ ಫೈಬರ್ ಗತಿ ಏನು? ತುಂಡಾದ ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಮನೆಯಲ್ಲಿ ಇಟ್ಟಿದ್ದೀರಾ?

ಬೆಳಕಿನೆಳೆ: ಪೈಪ್ ಒಳಗೆ ಹಾಕಿ ಎರಡಡಿ ಹೂತರೆ ಹಂದಿ ಮುಟ್ಟುವುದಿಲ್ಲ. ಸ್ಪ್ಲೈಸ್ ಮಾಡಲು ಕೇಬಲ್ ಟಿವಿ ಹುಡುಗರು ಬರುತ್ತಾರೆ.

ತೋಟದಂಚು: ಎಕ್ಸ್‌ಟೆಂಡರ್ ಬಂತು. ಮಾಸ್ಟರ್ ಶೆಡ್‌ನಲ್ಲಿ ಇಟ್ಟೆ. ದೀಪ ಒಂದು ನಿಮಿಷದೊಳಗೆ ಮಿಣುಕದೆ ನಿಂತು ಉರಿಯಿತು. ಮನೆಯ ಕಡೆಗೆ 60 ಎಂಬಿಪಿಎಸ್ ದಾಟುತ್ತಿದೆ, ನಾಲ್ಕೂ ಕ್ಯಾಮೆರಾ ಫೋನಿನಲ್ಲಿ ಕಾಣುತ್ತಿವೆ. ತಾಮ್ರದತಂತಿ ಅವರೇ, ದೊಡ್ಡ ಉಪಕಾರವಾಯಿತು. ಎರಡೂ ತುದಿಗೆ ಸಿಡಿಲಿನ ಹೊಡೆತ ತಡೆಯುವ ಅರೆಸ್ಟರ್ ತರಿಸುತ್ತಿದ್ದೇನೆ, ಫೈಬರ್ ಬರುವ ವರ್ಷ ನೋಡೋಣ.

ಆದರೆ ಇನ್ನೊಂದು ಶುರುವಾಗಿದೆ. ತೋಟಕ್ಕೆ ನೀರಿನ ಮೋಟರ್ ಹಾಕಿದ ಕೂಡಲೇ ಲಿಂಕ್ ಬೀಳುತ್ತದೆ. ಆಮೇಲೆ ತಾನೇ ಬರುತ್ತದೆ.

ಪೋರ್ಟ್ ಪ್ರಸಾದ: ಡಿಎಚ್‌ಸಿಪಿ ಲೀಸ್ ನೋಡಿ.

ತಾಮ್ರದತಂತಿ: ಮೋಟರ್ ಕೇಬಲ್ ಮತ್ತು ಈ ಕೇಬಲ್ ಒಂದೇ ಗುಂಡಿಯಲ್ಲಿ ಹೋಗುತ್ತವಾ? ಇನ್ನೊಂದು, ಮೋಟರ್ ಹಾಕುವಾಗ ಯಾರನ್ನಾದರೂ ಶೆಡ್‌ನಲ್ಲಿ ನಿಲ್ಲಿಸಿ. ಎಕ್ಸ್‌ಟೆಂಡರ್‌ನ ಪವರ್ ದೀಪವೂ ಆರುತ್ತದಾ, ಡಿಎಸ್‌ಎಲ್ ದೀಪ ಮಾತ್ರವಾ? ಪವರ್ ಆರಿದರೆ ವೋಲ್ಟೇಜ್ ಇಳಿತ, ಒಂದು ಸಣ್ಣ ಯುಪಿಎಸ್ ಸಾಕು. ಡಿಎಸ್‌ಎಲ್ ಮಾತ್ರ ಆರಿದರೆ ಕೇಬಲ್ ಸರಿಸಬೇಕು.

ತೋಟದಂಚು: ಒಂದೇ ಗುಂಡಿ. ದೀಪ ನಾಳೆ ನೋಡಿ ಹೇಳುತ್ತೇನೆ, ಇವತ್ತು ಕರೆಂಟ್ ಇಲ್ಲ.