ಪ್ರತಿ: ‘ಡಿಯಸ್ ಎಕ್ಸ್ ಮಕಿನಾ’ಗೆ ಕನ್ನಡ ಪದ ಬೇಕು (ತುರ್ತು)

> ನಾವು ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಮೀಡಿಯಾ’ ನಾಟಕ ಆಡುತ್ತಿದ್ದೇವೆ. ಕರಪತ್ರ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕೊನೆಯ ದೃಶ್ಯದ ಟಿಪ್ಪಣಿಯಲ್ಲಿ ‘ಡಿಯಸ್ ಎಕ್ಸ್ ಮಕಿನಾ’ಗೆ ಏನು ಹಾಕಲಿ? ದೇವರ ಹೆಸರುಗಳನ್ನು ಹೇಗೆ ಬರೆಯಲಿ?

ನಾಳೆ ಸಂಜೆಗೇ ಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದ, ವಾದ ಆಮೇಲೆ. ‘ಏತದ ದೇವರು’ ಎಂದು ಹಾಕಿ. (ಗೊತ್ತಿಲ್ಲದವರಿಗೆ: ‘ಡಿಯಸ್ ಎಕ್ಸ್ ಮಕಿನಾ’ ಅಂದರೆ ಲ್ಯಾಟಿನ್ನಿನಲ್ಲಿ ‘ಯಂತ್ರದಿಂದ ಬಂದ ದೇವರು’, ನಾಟಕದ ಕೊನೆಯಲ್ಲಿ ಬಂದು ಕಥೆಯ ಗಂಟು ಬಿಡಿಸುವ ದೇವರು.)

ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಎಲ್ಲರೂ ದೇವರನ್ನೇ ಹಿಡಿದು ಎಳೆದಾಡಿದ್ದಾರೆ, ಯಂತ್ರದ ಕಡೆ ಯಾರೂ ತಿರುಗಿಲ್ಲ. ಆದರೆ ಈ ಮಾತು ಹುಟ್ಟಿದ್ದೇ ಒಂದು ತೊಲೆಯಿಂದ. ಅಥೆನ್ಸಿನ ರಂಗಮಂದಿರದಲ್ಲಿ ನಟರು ವೇಷ ಬದಲಿಸುವ ಮನೆಯ ಹಿಂದೆ ಹಗ್ಗ ಕಟ್ಟಿದ, ತಿರುಗುವ ಒಂದು ತೊಲೆ ಇರುತ್ತಿತ್ತು. ಗ್ರೀಕಿನಲ್ಲಿ ಅದರ ಹೆಸರು ‘ಮೇಖನೆ’. ದೇವರ ಪಾತ್ರದವನನ್ನು ಅದಕ್ಕೆ ತೂಗುಹಾಕಿ ಮಾಡಿನ ಮೇಲಿಂದ ಜನರ ಕಣ್ಣಿಗೆ ತರುತ್ತಿದ್ದರು. ಅರಿಸ್ಟೊಫೇನೀಸನ ‘ಶಾಂತಿ’ ನಾಟಕ ಕ್ರಿ.ಪೂ. 421ರದ್ದು. ಅದರಲ್ಲಿ ಒಬ್ಬ ರೈತ ಸಗಣಿಹುಳುವಿನ ಬೆನ್ನೇರಿ ದೇವರನ್ನು ಕೇಳೋಕೆ ಸ್ವರ್ಗಕ್ಕೆ ಹೊರಡುತ್ತಾನೆ. ಅರ್ಧ ದಾರಿಯಲ್ಲಿ ಪಾತ್ರವನ್ನೇ ಬಿಟ್ಟು, ತೊಲೆ ಎಳೆಯುವವನನ್ನು ಕರೆದು, ಹುಷಾರಪ್ಪಾ, ನನಗೆ ಭಯ ಆಗ್ತಿದೆ ಅಂತ ಕೂಗುತ್ತಾನೆ. ತೊಲೆ, ಹಗ್ಗ, ಎಳೆಯುವ ಆಳು, ಎಲ್ಲವೂ ನೋಡುವವರಿಗೆ ಗೊತ್ತಿದ್ದದ್ದೇ.

ಕಂಬದ ಮೇಲೆ ಅಡ್ಡ ತೊಲೆ, ಒಂದು ತುದಿ ಇಳಿದರೆ ಇನ್ನೊಂದು ಏರುತ್ತದೆ. ಇದಕ್ಕೆ ಕನ್ನಡದಲ್ಲಿ ಏತ ಅನ್ನದೆ ಇನ್ನೇನನ್ನಬೇಕು? ಬಾವಿಯ ಏತ ಕಣ್ಣಾರೆ ನೋಡದವರಿಗೂ ‘ಏತ ನೀರಾವರಿ’ ಗೊತ್ತು, ಪೇಪರ್ ಓದುವವರಿಗೆಲ್ಲ ಗೊತ್ತು. ಹೊಸದಾಗಿ ಏನನ್ನೂ ಟಂಕಿಸಬೇಕಾಗಿಲ್ಲ.

‘ಸಿಡಿ’ ಇನ್ನೂ ಹತ್ತಿರ ಅಂತ ಒಬ್ಬರು ಬರೆದಿದ್ದಾರೆ. ಒಳ್ಳೆಯ ಯೋಚನೆ, ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅಲ್ಲೂ ಕಂಬ, ತಿರುಗುವ ತೊಲೆ, ತುದಿಯಲ್ಲಿ ಮನುಷ್ಯ, ಸುತ್ತ ಜಾತ್ರೆ. ಆದರೆ ಸಿಡಿ ಆಡುವವನು ಹರಕೆ ಹೊತ್ತ ಭಕ್ತ. ಅಲ್ಲಿ ಮನುಷ್ಯ ದೇವರಿಗಾಗಿ ಮೇಲೇರುತ್ತಾನೆ, ಇಲ್ಲಿ ದೇವರು ಮನುಷ್ಯರ ಜಗಳ ಬಿಡಿಸೋಕೆ ಬರುತ್ತಾನೆ. ದಿಕ್ಕೇ ಉಲ್ಟಾ. ಬೇಡ.

‘ಯಂತ್ರದೇವತೆ’ ಖಂಡಿತ ಬೇಡ. ಕನ್ನಡದಲ್ಲಿ ಯಂತ್ರ ಅಂದರೆ ತಾಯತದೊಳಗಿನ ತಗಡೂ ಹೌದು, ಯಂತ್ರ ಕಟ್ಟಿಸಿಕೊಂಡು ಬಂದೆ ಅನ್ನುತ್ತೇವಲ್ಲ, ಅದು. ಇಲ್ಲವೇ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವ ಲೇತ್ ಮೆಷಿನ್ನು ನೆನಪಾಗುತ್ತದೆ. ಎರಡೂ ಯೂರಿಪಿಡೀಸನಿಗೆ ಸಂಬಂಧಪಟ್ಟದ್ದಲ್ಲ. ‘ಯಂತ್ರಾವತೀರ್ಣದೈವ’ದ ಬಗ್ಗೆ ನಾನು ಏನೂ ಹೇಳಲ್ಲ. ಅದನ್ನು ಒಮ್ಮೆ ಜೋರಾಗಿ ಓದಿ ನೋಡಿ, ಸಾಕು.

ಇನ್ನು ದೇವರಿಗೆ ಗ್ರೀಕಿನಲ್ಲಿರುವ ‘ಥಿಯೋಸ್’, ನಮ್ಮ ‘ದೇವ’ ಒಂದೇ ಬೇರು ಅನ್ನುವ ಮಾತು. ಪ್ರತಿ ಚರ್ಚೆಯಲ್ಲೂ ಇದು ತಲೆ ಎತ್ತುತ್ತದೆ, ಪ್ರತಿ ಸಲವೂ ತಪ್ಪೇ. ‘ದೇವ’ಕ್ಕೆ ನೆಂಟು ಲ್ಯಾಟಿನ್ನಿನ ‘ದೇಉಸ್’, ಅಂದರೆ ಈ ‘ಡಿಯಸ್’. ಥಿಯೋಸ್ ಬೇರೆಯೇ ಬೇರು. ಜೀಯಸ್ ಮತ್ತು ವೇದದ ದ್ಯೌಸ್ ಒಂದೇ ಮೂಲದ ಹೆಸರುಗಳು, ಇದು ನಿಜ. ಹಾಗಂತ ಕರಪತ್ರದಲ್ಲಿ ಜೀಯಸ್ ಬದಲು ದ್ಯೌಸ್ ಅಂತ ಹಾಕಬೇಕು ಅನ್ನುವುದು ಹಟ. ನೆಂಟಸ್ತಿಕೆ ಇದೆ ಅಂತ ಒಬ್ಬರ ಹೆಸರಲ್ಲಿ ಇನ್ನೊಬ್ಬರನ್ನು ಕರೆಯೋಕೆ ಆಗಲ್ಲ.

‘ಲ್ಯಾಟಿನ್ ಮಾತನ್ನು ಜಗತ್ತೆಲ್ಲ ಹಾಗೇ ಬಳಸುತ್ತದೆ, ನಾವೂ ಬಳಸೋಣ’ ಅಂದವರಿಗೆ ಒಂದು ಮಾತು. ಆ ಲ್ಯಾಟಿನ್ನೇ ಗ್ರೀಕಿನ ಅನುವಾದ. ‘ಥಿಯೋಸ್ ಅಪೊ ಮೇಖನೇಸ್’ ಅನ್ನುವುದನ್ನು ಪದಕ್ಕೆ ಪದ ಲ್ಯಾಟಿನ್ನಿಗೆ ಇಳಿಸಿದ್ದಾರೆ. ಅವರು ತಮ್ಮ ಮಾತಲ್ಲಿ ಹೇಳಿಕೊಂಡರು, ನಾವು ಮಾತ್ರ ಅವರ ಅನುವಾದವನ್ನು ಮೂಲ ಅಂದುಕೊಂಡು ಹೊತ್ತುಕೊಳ್ಳಬೇಕಾ?

ಅಚ್ಚಗನ್ನಡದವರೂ ಕೇಳಿ. ‘ದೇವರು’ ಸಂಸ್ಕೃತದ್ದು, ಬೇಡ ಅಂತ ಬರೆದಿದ್ದೀರಿ. ದೇವ ಹೊರಗಿಂದ ಬಂದದ್ದು ಸರಿ, ಆ ‘ರು’ ನಮ್ಮದು. ಒಬ್ಬನೇ ದೇವರಿಗೂ ಬಹುವಚನ ಹಚ್ಚಿ ಮರ್ಯಾದೆ ಕೊಡುವ ರೂಢಿ ನಮ್ಮದು. ಅದನ್ನು ಕಿತ್ತುಹಾಕಿ ಆ ಜಾಗಕ್ಕೆ ಏನು ತರುತ್ತೀರಿ? ಬಿ.ಎಂ.ಶ್ರೀ. ಅವರನ್ನೇ ನೋಡಿ. ಟ್ರಾಜೆಡಿಗೆ ‘ರುದ್ರನಾಟಕ’ ಅಂದರು, ಎರಡೂ ಸಂಸ್ಕೃತ ಪದ, ಆದರೆ ಸಂಸ್ಕೃತದ ನಾಟಕಶಾಸ್ತ್ರದಲ್ಲಿ ಆ ಜಾತಿಯೇ ಇಲ್ಲ. ಸೊಫೊಕ್ಲೀಸನ ‘ಏಜಾಕ್ಸ್’ ಅನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿ ಪೂರ್ತಿ ಮಹಾಭಾರತದೊಳಗೆ ತಂದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಮಾಡಿದಾಗ ಎಲ್ಲವನ್ನೂ ಇದ್ದ ಊರಲ್ಲೇ ಬಿಟ್ಟರು. ಒಬ್ಬರೇ, ಎರಡು ದಾರಿ. ಯಾವ ನಾಟಕಕ್ಕೆ ಏನು ಬೇಕೋ ಅದು. ಎರವಲು ಬೇಕೋ ಬೇಡವೋ ಅಂತ ಮೊದಲೇ ಪ್ರತಿಜ್ಞೆ ಮಾಡಿ ಕೂತರೆ ಅನುವಾದ ಆಗಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತಂದದ್ದು ‘ದಿಢೀರ್ ದೇವರು’. ಅದು ಬೈಗುಳ. ಗಂಟು ಬಿಡಿಸಲಾಗದ ಕವಿ ದೇವರನ್ನು ಇಳಿಸುತ್ತಾನೆ ಅನ್ನುವ ದೂರು ಹಳೆಯದೇ. ಕಥೆಯ ಗಂಟು ಕಥೆಯೊಳಗೇ ಬಿಚ್ಚಿಕೊಳ್ಳಬೇಕು ಅಂತ ಅರಿಸ್ಟಾಟಲ್ ಹೇಳಿ, ತಪ್ಪಿಗೆ ಉದಾಹರಣೆಯಾಗಿ ಇದೇ ‘ಮೀಡಿಯಾ’ವನ್ನು ಹೆಸರಿಸುತ್ತಾನೆ. ಆದರೆ ಅಥೆನ್ಸಿನಲ್ಲಿ ನಾಟಕ ಆಡುತ್ತಿದ್ದದ್ದೇ ದಿಯೊನಿಸಸ್ ದೇವರ ಹಬ್ಬದಲ್ಲಿ, ಅವನ ಗುಡಿಯ ಪಕ್ಕ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ. ಅವನ ಪೂಜಾರಿಗೆ ಮುಂದಿನ ಸಾಲಿನ ಮಧ್ಯದ ಆಸನ. ಅಂಥ ಕಡೆ ಮಾಡಿನ ಮೇಲೆ ದೇವರು ಕಾಣಿಸಿಕೊಂಡರೆ ಅದು ಅಗ್ಗದ ತಂತ್ರ ಅಂತ ಎಲ್ಲರೂ ಮೂಗು ಮುರಿದರು ಅಂದುಕೊಳ್ಳಬೇಡಿ.

ಅದಕ್ಕಿಂತ ಮುಖ್ಯ, ‘ಮೀಡಿಯಾ’ದಲ್ಲಿ ಬರುವುದು ದೇವರೇ ಅಲ್ಲ! ಮೀಡಿಯಾಳ ಗಂಡ ಜೇಸನ್ ಕೆಳಗೆ ನಿಂತು ಬಾಗಿಲು ತೆಗೆಯಿರಿ ಅಂತ ಕೂಗುತ್ತಿದ್ದಾನೆ. ಎಲ್ಲರ ಕಣ್ಣೂ ಬಾಗಿಲ ಮೇಲೆ. ಮೀಡಿಯಾ ಕಾಣಿಸುವುದು ಮನೆಯ ಮೇಲೆ, ಅಜ್ಜ ಸೂರ್ಯದೇವ ಹೀಲಿಯೋಸ್ ಕೊಟ್ಟ ರಥದಲ್ಲಿ, ಮಕ್ಕಳ ಹೆಣ ಇಟ್ಟುಕೊಂಡು. ಒಂದು ಸಲ ಮುಟ್ಟಲಾದರೂ ಬಿಡು ಅಂತ ಅವನು ಬೇಡಿದರೂ ಬಿಡುವುದಿಲ್ಲ. ಮಕ್ಕಳನ್ನು ಹೇರಾ ದೇವಿಯ ಗುಡಿಯಲ್ಲಿ ನಾನೇ ಹೂಳುತ್ತೇನೆ ಅನ್ನುತ್ತಾಳೆ, ಕೊರಿಂತ್‌ನಲ್ಲಿ ಅವರ ಹೆಸರಿಗೆ ಆಚರಣೆ ನೇಮಿಸುತ್ತಾಳೆ, ನಿನ್ನದೇ ಆರ್ಗೊ ಹಡಗಿನ ಮರ ಬಡಿದು ಸಾಯುತ್ತೀಯ ಅಂತ ಭವಿಷ್ಯ ಹೇಳುತ್ತಾಳೆ. ಯೂರಿಪಿಡೀಸನ ಬೇರೆ ನಾಟಕಗಳ ಕೊನೆಯಲ್ಲಿ ದೇವರು ಬಂದು ಮಾಡುವುದು ಇದನ್ನೇ: ಜಗಳ ನಿಲ್ಲಿಸುವುದು, ಆಚರಣೆ ನೇಮಿಸುವುದು, ಮುಂದಾಗುವುದನ್ನು ಹೇಳುವುದು. ಆ ಜಾಗದಲ್ಲಿ ಮಕ್ಕಳನ್ನು ಕೊಂದ ತಾಯಿ ಕೂತಿದ್ದಾಳೆ. ‘ದೇವರು ಪ್ರತ್ಯಕ್ಷ’ ಅಂತ ಹಾಕಿದರೆ ಈ ದೃಶ್ಯವೇ ಸತ್ತುಹೋಗುತ್ತದೆ. ಏತ ಉಳಿಯಬೇಕು, ಆಗ ಮಾತ್ರ ಅದರಲ್ಲಿ ಯಾರು ಬಂದರು ಅನ್ನುವುದು ಎದೆಗೆ ನಾಟುತ್ತದೆ.

ಹೆಸರುಗಳು: ‘ಜ್ಯೂಸ್’ ಅಂತ ಯಾವ ಕಾರಣಕ್ಕೂ ಬೇಡ, ಹಣ್ಣಿನ ರಸ ಆಗುತ್ತದೆ. ಜೀಯಸ್, ಹೇರಾ, ದಿಯೊನಿಸಸ್ ಸಾಕು. ಹೀಲಿಯೋಸ್ ಮಾತ್ರ ನಿಮ್ಮಿಷ್ಟ. ಗ್ರೀಕಿನಲ್ಲಿ ಅದು ದಿನಬಳಕೆಯ ಸೂರ್ಯನೇ, ಹಾಗಾಗಿ ಮೀಡಿಯಾಳನ್ನು ‘ಸೂರ್ಯನ ಮೊಮ್ಮಗಳು’ ಅಂದರೂ ಸರಿ.

ಕರಪತ್ರಕ್ಕೆ ಹೀಗೆ ಹಾಕಬಹುದು: ‘ಗ್ರೀಕ್ ನಾಟಕಗಳ ಕೊನೆಯಲ್ಲಿ ಕೆಲವೊಮ್ಮೆ ಏತದ ಮೇಲೆ ದೇವರು ಬರುತ್ತಿದ್ದರು. ಇಲ್ಲಿ ಏತದ ದೇವರ ಜಾಗದಲ್ಲಿ ಬರುವವಳು ಮೀಡಿಯಾ.’ ಜಾಗ ಸಾಲದಿದ್ದರೆ ಮೊದಲ ವಾಕ್ಯ ಬೇಕಾದರೆ ಮೊಟಕು ಮಾಡಿ, ಎರಡನೆಯದನ್ನು ಮುಟ್ಟಬೇಡಿ.